ತೊಕ್ಕೊಟ್ಟಿನ ಬ್ಲೌಸ್ ಯುದ್ಧ

ವೃತ್ತಿಶಿಕ್ಷಣ ಶಾಲೆಯ ಹೊಲಿಗೆ ವಿಭಾಗದಲ್ಲಿ ಆನಿ ಟೀಚರ್ ಹೇಳಿಕೊಡುತ್ತಿದ್ದರು: ಉದ್ಯಮಿಯಾಗಲು ಆತ್ಮವಿಶ್ವಾಸ ಬೇಕು, ಮಾರ್ಗದರ್ಶನ ಬೇಕು, ಮನೆಯವರ ಬೆಂಬಲ ಬೇಕು. ತೊಕ್ಕೊಟ್ಟಿನ ಭವ್ಯಶ್ರೀಗೆ ಮೂರನೆಯದು ಬೇಡವೆಂದರೂ ಸಿಕ್ಕಿತು. ಅದರ ಹೆಸರು ನೋಣಯ್ಯ, ತಾಯಿಯ ಅಣ್ಣ.

ಪೇಟೆಯಲ್ಲಿ ನೋಣಯ್ಯ ಮಾವನದೊಂದು ಅಂಗಡಿ ಕೋಣೆ ಖಾಲಿ ಬಿದ್ದಿತ್ತು. "ಮೊದಲು ಗಿರಾಕಿ ಹಿಡಿದು ತೋರಿಸು ಮಗಾ, ಕೋಣೆ ನಿನಗೇ" ಎಂದು ವರ ಕೊಟ್ಟರು. ವರ ಕೊಡುವ ಮುಂಚೆ ದೇವತೆಗಳೂ ಸ್ವಲ್ಪ ಯೋಚಿಸುತ್ತಾರೆ. ನೋಣಯ್ಯ ಯೋಚಿಸಲಿಲ್ಲ.

ಹುಡುಗಿ ಗಿರಾಕಿ ಹಿಡಿದಳು. ಅವಳ ಬ್ರಹ್ಮಾಸ್ತ್ರ ಶಾಲೆಯಲ್ಲಿ ಕಲಿತದ್ದಲ್ಲ. ನಮ್ಮ ಹೆಂಗಸರು ಮೈಗೆ ಟೇಪು ಹಿಡಿಯಲು ಬಿಡುವುದಿಲ್ಲ. ತೆಳ್ಳಗಿದ್ದ ಕಾಲದ ಬ್ಲೌಸನ್ನು ಅಳತೆಗೆ ಕೊಟ್ಟು "ಇದೇ ಸೈಜ್" ಎನ್ನುತ್ತಾರೆ. ಭವ್ಯಶ್ರೀ ಕಣ್ಣಲ್ಲೇ ಅಳೆದು, ಸದ್ದಿಲ್ಲದೆ ಇಂಚು ಸೇರಿಸಿ ಹೊಲಿಯುತ್ತಿದ್ದಳು. "ನೋಡು, ನಾನು ಇನ್ನೂ ಹಾಗೇ ಇದ್ದೇನೆ" ಎಂದು ಬೀಗುತ್ತ ಹೆಂಗಸರೆಲ್ಲ ಅವಳ ಜಗಲಿಗೆ ಮುತ್ತಿಗೆ ಹಾಕಿದರು.

ಮಾವನ ಮಗ ಮೋಕ್ಷಿತನ ಮದುವೆಗೆಂದು ಮಾವನ ಕಡೆಯ ಹೆಂಗಸರ ಬ್ಲೌಸುಗಳೂ ಬಂದವು. ಆಗ ಅವಳು ಮಾವನಲ್ಲಿ ಕೋಣೆ ಕೇಳಿದಳು.

"ಅದನ್ನು ಕಾಸಿಂನ ಮೊಬೈಲ್ ಅಂಗಡಿಗೆ ಹೇಳಿ ಆಯ್ತು. ಗಿರಾಕಿ ಮನೆಗೇ ಬರ್ತಾರಲ್ಲ, ನಿನಗೆ ಅಂಗಡಿ ಎಂತಕ್ಕೆ?"

ಭವ್ಯಶ್ರೀ ಅಳಲಿಲ್ಲ. ಕೊಟ್ಟ ಅಳತೆಗೆ ಸರಿಯಾಗಿ, ಒಂದು ನೂಲೂ ಹೆಚ್ಚಿಸದೆ ಹೊಲಿದು, ಮದುವೆಯ ಬೆಳಿಗ್ಗೆ ಕೊಡಿಯಾಲ್‌ಬೈಲಿನ ಹಾಲ್‌ಗೇ ತಂದುಕೊಟ್ಟಳು.

ಡ್ರೆಸ್ಸಿಂಗ್ ರೂಮಿನಲ್ಲಿ ಮಹಾಸಮರ. ಮಾವನ ಹೆಂಡತಿ ಹೇಮಾಕ್ಷಿಯ ಕೈ ತೋಳೊಳಗೆ ಸಿಕ್ಕಿ ಹಿಂದೂ ಬಾರದು, ಮುಂದೂ ಹೋಗದು. ಅವರ ತಂಗಿಯರಿಬ್ಬರು ಉಸಿರು ಬಿಗಿಹಿಡಿದು ಗೋಡೆಗೆ ಒರಗಿದ್ದರು. ಹೊರಗೆ ವಾಲಗ ಶುರುವಾಗಿತ್ತು.

"ಅಳತೆ ನೀವೇ ಕೊಟ್ಟದ್ದಲ್ವಾ ಅತ್ತೆ? ಒಳಗೆ ಬಟ್ಟೆ ಬಿಟ್ಟಿದ್ದೇನೆ, ಬಿಚ್ಚಿ ಸರಿ ಮಾಡ್ಬಹುದು. ಆದ್ರೆ ಅದಕ್ಕೆಲ್ಲ ಅಂಗಡಿ ಬೇಕು."

ಬಾಗಿಲಾಚೆ ನೋಣಯ್ಯ ತೊದಲಿದರು: "ಕಾಸಿಂಗೆ ಮಾತು ಕೊಟ್ಟಾಗಿದೆ ಮಗಾ..."

"ಹಾಗಾದ್ರೆ ಕಾಸಿಂನನ್ನೇ ಕರೆಸಿ ಮಾವ, ಹೊಲಿಯಲಿ."

"ಕೋಣೆ ಕೊಡಿ ಮಾರಾಯ್ರೆ!" ಹೇಮಾಕ್ಷಿ ಕಿರುಚಿದರು. "ಇಲ್ಲದಿದ್ರೆ ಟವೆಲ್ ಹೊದ್ದು ಮಂಟಪಕ್ಕೆ ಬರ್ತೇನೆ!"

ನೋಣಯ್ಯನ ಗೊಂಚಲಿನಿಂದ ಕೀಲಿಕೈ ಕಳಚಿ ಬಾಗಿಲ ಸಂದಿಯಲ್ಲಿ ಒಳಬಂತು. ಭವ್ಯಶ್ರೀ ಚೀಲದಿಂದ ಕತ್ತರಿ, ಸೂಜಿ ತೆಗೆದಳು. ಕರುಣೆ ತೋರಿಸಿದಳು ಅಂದುಕೊಳ್ಳಬೇಡಿ. ಹೊಲಿಗೆ ಬಿಚ್ಚುತ್ತ ಒಬ್ಬೊಬ್ಬರ ಹೆಸರನ್ನೂ ಹೆಚ್ಚಿಸಬೇಕಾದ ಇಂಚನ್ನೂ ಕೂಗಿ ಹೇಳಿದಳು, ವಾಲಗದವರು ನಿಲ್ಲಿಸಿ ಕೇಳುವಷ್ಟು ಗಟ್ಟಿಯಾಗಿ. ಅತ್ತೆಯ ಸರದಿ ಬಂದಾಗ ಟೇಪು ಹಿಡಿದು ಎರಡು ಸಲ ಅಳೆದಳು.

"ಮಾವಾ, ಕೇಳಿಸ್ತಾ? ನಾಲ್ಕೂವರೆ ಇಂಚು!"