ನಮ್ಮತ್ತೆಯ ನೆನಪಿನ ಪರೀಕ್ಷೆ

ಸ್ನೇಹಿತರೇ, ತಮಿಳುನಾಡಿನ ನಮ್ಮ ನೆಗಮಂನಲ್ಲಿ ನಡೆದ ನೆನಪಿನ ತಪಾಸಣೆ ಶಿಬಿರದಿಂದ ಅತ್ತೆಯನ್ನು ಈಗಷ್ಟೇ ಕರೆತಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಮನೆಮಾತು ಕನ್ನಡ ಎಂದದ್ದಕ್ಕೆ ಮೈಸೂರಿನಿಂದ ಬಂದಿದ್ದ ಮೇಡಂ ಕನ್ನಡದ ಹಾಳೆ ಕೊಟ್ಟು ಓದಲು ಹೇಳಿದರು. ಇಲ್ಲೇ ಹುಟ್ಟಿ ತಮಿಳು ಶಾಲೆಗೆ ಹೋದ ಅತ್ತೆಗೆ ಕನ್ನಡ ಅಕ್ಷರ ಬಾರದು.

“ಅಕ್ಷರವೇ ಮರೆತುಹೋಗಿದೆ, ಪಾಪ,” ಎಂದರು ಮೇಡಂ.

“ಕಲೀದೇ ಇದ್ದದ್ದ ಎಂಗಮ್ಮಾ ಮರೆಯೋದು?” ಎಂದರು ಅತ್ತೆ.

ಬಿಪಿ ಮಾತ್ರೆ ಬಿಟ್ಟ ಮೇಲೆ ಮಗ್ಗದಲ್ಲಿ ಸೀರೆ ನೇಯುವಾಗ ಅವರಿಗೆ ಅಂಚಿನ ಎಳೆಗಳ ಲೆಕ್ಕ ತಪ್ಪುತ್ತಿರುವುದು ನಿಜ. ಬಿಪಿ ಏರಿ ರಕ್ತನಾಳ ಕೆಟ್ಟರೆ ಮಿದುಳೂ ಮಂಕಾಗುತ್ತದೆ ಎಂದು ಶಿಬಿರದವರೇ ಬರೆದು ಗೋಡೆಗೆ ಅಂಟಿಸಿದ್ದರು. ಅದಕ್ಕೇ ಮೊದಲು ಬಿಪಿ ನೋಡಿ ಎಂದೆ.

“ಇವತ್ತು ನೆನಪು ಮಾತ್ರ. ಬಿಪಿಗೆ ಮುಂದಿನ ವಾರ ಬನ್ನಿ,” ಎಂದರು ಮೇಡಂ.

ನಮ್ಮತ್ತೆಯ ರಕ್ತಕ್ಕೂ ಹೇಳಿಬಿಡಿ ಮೇಡಂ, ಅಲ್ಲಿಯವರೆಗೆ ತಲೆಗೆ ಹೋಗದೆ ಕಾದಿರಲಿ.