ಮರಿಯಮ ಆಯಿಯ ಮೇಲಿನ ಗಂಟು

ನನ್ನ ಹೆಸರು ಕುಬೇರ. ನಗುವವರು ಈಗಲೇ ನಕ್ಕುಬಿಡಿ. ಆದರೆ ಸ್ವಲ್ಪ ಉಳಿಸಿಕೊಳ್ಳಿ, ಮುಂದೆ ಬೇಕಾಗುತ್ತದೆ. ವಾಸ್ಕೋದಲ್ಲಿ ಒಂದು ಎಟಿಎಮ್ಮಿನ ಬಾಗಿಲು ಕಾಯುವುದು ನನ್ನ ನೌಕರಿ. ಹೆಸರಿನಲ್ಲಿ ಸಂಪತ್ತಿನ ದೇವರು, ಕೈಯಲ್ಲಿ ಬಿದಿರಿನ ಕೋಲು. ಆ ಪೆಟ್ಟಿಗೆಯಲ್ಲಿ ಎಷ್ಟೋ ದಿನ ರೊಕ್ಕವೇ ಇರುವುದಿಲ್ಲ. ಜನ ಸ್ಕೂಟರಿನಿಂದ ಇಳಿಯದೆಯೇ ಕೊಂಕಣಿಯಲ್ಲಿ "ಪಯ್ಶೆ ಆಸಾತ್?" ಎಂದು ಕೇಳುತ್ತಾರೆ. ನಾನು "ನಾ" ಎನ್ನುತ್ತೇನೆ. ಕೊಂಕಣಿಯಲ್ಲಿ 'ನಾ' ಅಂದರೆ ಇಲ್ಲ, ನಮ್ಮ ಮುದ್ದೇಬಿಹಾಳದ ಕಡೆ 'ನಾ' ಅಂದರೆ ನಾನು. ಯಾವ ಭಾಷೆಯಲ್ಲಿ ತೆಗೆದುಕೊಂಡರೂ ಉತ್ತರ ತಪ್ಪಿಲ್ಲ.

ನಮ್ಮ ಅವ್ವ ಮಾತ್ರ ಊರಲ್ಲಿ, "ನಮ್ಮ ಕುಬೇರ ಗೋವಾದಾಗ ಬ್ಯಾಂಕಿನ ರೊಕ್ಕ ನೋಡ್ಕೋತಾನ" ಎಂದು ಸಾರಿದ್ದಾಳೆ. ಇದರಲ್ಲಿಯೂ ಸುಳ್ಳಿಲ್ಲ. ನೋಡಿಕೊಳ್ಳುತ್ತೇನೆ, ಗಾಜಿನ ಹೊರಗಿನಿಂದ.

ನಾನಿರುವುದು ಊರ ಹೊರಗಿನ ಗುಡ್ಡದ ಮೇಲಿನ ಚಾಳಿನಲ್ಲಿ. ನನ್ನ ಖೋಲಿಗೂ ಮರಿಯಮ ಆಯಿಯ ಖೋಲಿಗೂ ನಡುವೆ ಒಂದು ಪ್ಲೈವುಡ್ಡಿನ ಗೋಡೆ. ನಾನು ಇತ್ತ ಸೀನಿದರೆ ಆಕೆ ಅತ್ತಲಿಂದ "ಸ್ವಾಮಿ ಕಾಯಲಿ" ಎನ್ನುತ್ತಾಳೆ. ಎರಡನೆಯ ಸಲ ಸೀನಿದರೆ "ಕಷಾಯ ಕುಡಿ" ಎನ್ನುತ್ತಾಳೆ. ದೇವರಿಗೆ ಒಂದೇ ಅವಕಾಶ.

ಆಯಿಯ ತವರು ಬೆಟಗೇರಿ. ಮುತ್ತಜ್ಜನ ಕಾಲದಿಂದ ಕ್ರಿಸ್ತನ ಮಂದಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೈಗುಳ ಎಲ್ಲ ನಮ್ಮವೇ. ಹಣೆಗೆ ಕುಂಕುಮವಿಲ್ಲ, ಗೋಡೆಗೆ ಶಿಲುಬೆ ಇದೆ, ಅಷ್ಟೇ ವ್ಯತ್ಯಾಸ. ಗಂಡ ಸಮುವೇಲಪ್ಪ ಬಂದರಿನಲ್ಲಿ ಹಮಾಲಿ ಮಾಡಿ, ಅಲ್ಲಿನ ಅದಿರಿನ ಕೆಂಪು ಧೂಳು ಕುಡಿದೇ ತೀರಿಕೊಂಡ. ಆಮೇಲೆ ಆಯಿ ಕೂಲಿಯವರಿಗೆ ರೊಟ್ಟಿ ಬಡಿದು ಬದುಕಿದಳು, ಈಗಲೂ ಬದುಕುತ್ತಾಳೆ. ಊಟದ ಹೊತ್ತು ಮುಗಿದ ಮೇಲೆ ಕೌದಿ ಹೊಲಿಯುತ್ತಾಳೆ. ಮಾರಲು ಅಲ್ಲ. ನಮ್ಮ ಕಡೆಯಿಂದ ಒಂದು ಚೀಲ ಹಿಡಿದು ಗುಡ್ಡಕ್ಕೆ ಹೊಸದಾಗಿ ಯಾರೇ ಬರಲಿ, ಅವರಿಗೆ ಆಯಿಯ ಕೌದಿ ಒಂದು. ಮಳೆಗಾಲದಲ್ಲಿ ಇಲ್ಲಿನ ನೆಲ ನೀರು ಒಸರುತ್ತದೆ, ಕೌದಿಯಿಲ್ಲದವನ ಬೆನ್ನಿಗೆ ಅದು ಗೊತ್ತಾಗುತ್ತದೆ. ಡಿಚೋಲಿಯ ಗಣಿ ಲಾರಿ ಡ್ರೈವರುಗಳ ಖಾಕಿ, ಹೋಟೆಲಿನವರು ಬಿಸಾಡಿದ ಪರದೆ, ಸತ್ತವರ ಸೀರೆ, ಹುಟ್ಟಿದವರ ದುಪಟಿ, ಎಲ್ಲ ಅದರಲ್ಲಿ ಇರುತ್ತವೆ. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಟ್ಟು, ಕಣ್ಣು ಮುಚ್ಚಿ ಏನೋ ಗೊಣಗಿ ಹೊಲಿದುಬಿಡುತ್ತಾಳೆ. ಹೊದ್ದವರು ಹಸಿದು ಮಲಗಬಾರದಂತೆ.

ಈ ಗುಡ್ಡಕ್ಕೆ ಬರುವ ಮೊದಲು, ಕಡಲ ದಂಡೆಯ ಬಾಯ್ನಾದಲ್ಲಿದ್ದಾಗ ಆಯಿಯ ಹತ್ತಿರ ಬಂಗಾರವೂ ಇತ್ತು: ಬೋರಮಾಳ, ಮದುವೆಯದು. ಅಲ್ಲಿನ ಗುಡಿಸಲುಗಳನ್ನು ಕೆಡವಿದ ದಿನ ಆಯಿ ಟ್ರಂಕು ಹೊರಗೆ ತರಲು ಓಡಿದಳಂತೆ. ಪಕ್ಕದ ಗುಡಿಸಲಿನಲ್ಲಿ, ಈಗಲೂ ನಮ್ಮ ಚಾಳಿನಲ್ಲೇ ಇರುವ ಹುಲಿಗೆಮ್ಮನ ಅತ್ತೆ, ಲಕ್ವ ಹೊಡೆದ ಮುದುಕಿ, ಹಾಸಿಗೆಯಲ್ಲೇ ಉಳಿದಿತ್ತು. ಆಯಿ ಟ್ರಂಕು ಬಿಟ್ಟು ಮುದುಕಿಯನ್ನು ಹೊತ್ತಳು. "ಹಾದಿ ತುಂಬ ಬೈತು ನೋಡು" ಎಂದು ಆಯಿ ಈಗಲೂ ನಗುತ್ತಾಳೆ. "ನೆಟ್ಟಗ ಹಿಡಿಯ, ಹೆಣಾ ಹೊತ್ತಂಗ ಹೊತ್ತಿ ಅಂತು. ತಿರುಗಿ ಬರೂದ್ರಾಗ ಗುಡಿಸಲಾನೂ ಇಲ್ಲ, ಟ್ರಂಕೂ ಇಲ್ಲ. ಅವತ್ತ ತಿಳೀತು ತಮ್ಮಾ. ಕೆಳಗ ಇಟ್ಟದ್ದು ನಿಲ್ಲೂದಿಲ್ಲ. ಅವತ್ತಿಂದ ನನ್ನ ಗಂಟೆಲ್ಲಾ ಮ್ಯಾಲ."

ಗಂಟು ಅಂದರೆ ನಮ್ಮಲ್ಲಿ ಕೂಡಿಟ್ಟ ಆಸ್ತಿಯೂ ಹೌದು, ಬಟ್ಟೆಯ ಮೂಟೆಯೂ ಹೌದು. ಆಯಿಗೆ ಮೇಲೆ ಅಂದರೆ ಪರಲೋಕ. ಒಬ್ಬರ ಕೊಡ ತುಂಬಿಸಿದರೆ, ಒಬ್ಬರ ಜ್ವರಕ್ಕೆ ಗಂಜಿ ಕಾಸಿದರೆ, ಅದೆಲ್ಲ ಅಲ್ಲಿ ಆಕೆಯ ಹೆಸರಿಗೆ ಜಮಾ. ನಾನೊಮ್ಮೆ ಕೇಳಿದ್ದೆ, "ಆಯಿ, ಅಲ್ಲಿಂದ ತಗಿಯಾಕ ಎಟಿಎಮ್ ಐತೇನ?"

"ಐತಿ. ಆದ್ರ ಅಲ್ಲಿ ಕಳ್ಳರಿಲ್ಲ. ನಿನಗ ಅಲ್ಲಿ ನೌಕರಿ ಸಿಗೂದಿಲ್ಲ, ಇಲ್ಲೇ ಚಂದಂಗಿ ಮಾಡು."

ತೊಂದರೆ ಏನೆಂದರೆ, ಆಯಿಯ ಖೋಲಿಯಲ್ಲಿ ತಗಡಿನ ಕೆಳಗೆ ಹಲಗೆಯ ಅಟ್ಟವಿತ್ತು. ಅಟ್ಟದ ಮೇಲೆ, ಹಳೆಯ ಸೀರೆಯಲ್ಲಿ ಬಿಗಿದು ಕಟ್ಟಿದ, ಎಮ್ಮೆಯ ಕರುವಿನಷ್ಟು ದೊಡ್ಡ ಗಂಟೊಂದು ನಿಜವಾಗಿಯೂ ಇತ್ತು.

ಇನ್ನು ರೇಣು. ನಮ್ಮ ಊರಿನ ಮಲಕಪ್ಪನವರ ಮಗಳು. ದೀಪಾವಳಿಗೆ ಹೋದಾಗ ನೋಡಿದ್ದೆ, ಆಮೇಲೆ ಫೋನಿನಲ್ಲಿ ಮಾತು. ನಾನು ಬಾಗಿಲು ಕಾಯುವವನೆಂದು ಅವಳಿಗೆ ಮೊದಲ ವಾರವೇ ಹೇಳಿದ್ದೆ. "ನನಗ ಅಡ್ಡಿ ಇಲ್ಲ. ಅಪ್ಪಗ ನೀವ ಹೇಳ್ರಿ" ಎಂದಿದ್ದಳು. ಮಲಕಪ್ಪನವರು ಇದಕ್ಕೂ ಮೊದಲು ಒಬ್ಬ ಕಾಂಪೌಂಡರನನ್ನು 'ಸೂಜಿ ಹಿಡಿಯೋ ನೌಕರಿ' ಎಂದು ತಿರಸ್ಕರಿಸಿದವರು. ಕೋಲು ಹಿಡಿಯುವ ನೌಕರಿಯ ಬಗ್ಗೆ ಏನೆನ್ನುತ್ತಾರೆಂದು ಊಹಿಸಲು ಬಿ.ಎ. ಬೇಕಿಲ್ಲ, ಅದು ನನ್ನಲ್ಲಿ ಇಲ್ಲ ಕೂಡ. ಹಾಗಾಗಿ ಹೇಳಿರಲಿಲ್ಲ. ಅಷ್ಟರಲ್ಲಿ ಅವರೇ, "ಹುಡುಗನ ಸ್ಥಿತಿಗತಿ ಕಣ್ಣಾರೆ ನೋಡ್ತೀವಿ" ಎಂದು ಹೆಂಡತಿ ಚಂದವ್ವನ ಜೊತೆ ಒಂದು ಶನಿವಾರ ವಾಸ್ಕೋದ ರೈಲಿನಿಂದ ಇಳಿದುಬಿಟ್ಟರು.

ನನ್ನ ಖೋಲಿಯಲ್ಲಿ ನನ್ನನ್ನೂ ಸೇರಿ ನಾಲ್ವರು, ಅದರಲ್ಲಿ ಇಬ್ಬರು ಪಾಳಿ ಮುಗಿಸಿ ಬಾಯಿ ತೆರೆದು ಮಲಗಿದ್ದರು. ಅತಿಥಿಗಳನ್ನು ಆಯಿಯ ಖೋಲಿಗೆ ಕರೆದೊಯ್ದೆ. ಆಯಿ ರೊಟ್ಟಿ, ಒಣಮೀನು ಬಡಿಸಿದಳು. ಮಲಕಪ್ಪನವರು ಮೀನು ಮುಟ್ಟುವವರಲ್ಲ; ಮುಟ್ಟದೆಯೇ ನಾಲ್ಕು ತಿಂದರು.

ಉಂಡು ಕೈ ತೊಳೆದು ವಿಚಾರಣೆ ಶುರುವಾಯಿತು.

"ಅಲ್ರೀ ಆಯಿ, ಇಷ್ಟು ವರ್ಷ ಗೋವಾದಾಗ ದುಡದೀರಿ. ಏನರ ಮಾಡಿಟ್ಟಿರಬೇಕಲ್ರಿ?"

"ಮಾಡೇನ್ರಿ ಅಣ್ಣಾರ" ಎಂದಳು ಆಯಿ. "ಎಲ್ಲಾ ಮ್ಯಾಲ ಐತಿ."

ಮಲಕಪ್ಪನವರ ಕಣ್ಣು ಮೆಲ್ಲಗೆ ಅಟ್ಟಕ್ಕೆ ಏರಿ, ಗಂಟನ್ನು ಒಂದು ಸುತ್ತು ಹಾಕಿ ಇಳಿಯಿತು.

"ಅಲ್ಲಿ ಇಟ್ರ ಚಿಂತಿ ಇಲ್ಲೇನ್ರಿ?"

"ಎಂಥಾ ಚಿಂತೀರಿ. ಕೆಳಗ ಇಟ್ರ ಹುಳಾ ತಿಂತಾವು, ತುಕ್ಕು ಹಿಡೀತೈತಿ, ಕಳ್ಳರು ಒಯ್ತಾರ. ಮ್ಯಾಲಿಂದಕ್ಕ ಯಾರ ಕೈ ಮುಟ್ಟತೈತಿ?"

"ಖರೇ, ಖರೇ" ಎಂದರು ಮಲಕಪ್ಪನವರು, ಅಟ್ಟದ ಎತ್ತರ ಅಳೆಯುತ್ತ.

ನಾನು ಇಲ್ಲಿ ಬಾಯಿ ಬಿಡಬೇಕಿತ್ತು. ಬಿಡುವವನಿದ್ದೆ. ಅಷ್ಟರಲ್ಲಿ ಆಯಿ ನನ್ನ ಬೆನ್ನು ತಟ್ಟಿ, "ಈ ಹುಡುಗಂದೂ ಐತ್ರಿ ಮ್ಯಾಲ, ಸಣ್ಣದು. ದಿನಾ ಒಂದೀಟು ಕೂಡತೈತಿ" ಎಂದುಬಿಟ್ಟಳು.

ಮಲಕಪ್ಪನವರು ನನ್ನನ್ನು ಮೊದಲ ಸಲ ಪ್ರೀತಿಯಿಂದ ನೋಡಿದರು. ಅಷ್ಟು ಪ್ರೀತಿಯಿಂದ ನನ್ನನ್ನು ನಮ್ಮ ಅವ್ವನೂ ನೋಡಿಲ್ಲ. ತೆರೆದ ಬಾಯಿಗೆ ನಾನೇ ಒಂದು ತುಂಡು ರೊಟ್ಟಿ ಹಾಕಿ ಮುಚ್ಚಿದೆ.

ಚಂದವ್ವ ಮಾತ್ರ ಮೂಲೆಯಲ್ಲಿದ್ದ ಅರ್ಧ ಹೊಲಿದ ಕೌದಿಯನ್ನು ಎತ್ತಿ ಹೊಲಿಗೆ ತಿರುವಿ ನೋಡುತ್ತಿದ್ದಳು.

ಅವರಿಬ್ಬರೂ ಆಯಿಯ ಖೋಲಿಯಲ್ಲೇ ತಂಗಿದರು. ಮರುದಿನ ಭಾನುವಾರ. ಆಯಿ ಬಿಳಿ ಸೀರೆ ಉಟ್ಟು, ಕೆಳಗಿನ ರಸ್ತೆಯಲ್ಲಿ ನಡೆಯುವ ಕನ್ನಡ ಪ್ರಾರ್ಥನೆಗೆ ಹೊರಟಳು. ಬಾಗಿಲಿಗೆ ಕೀಲಿ ಹಾಕುವ ಅಭ್ಯಾಸ ಆಕೆಗೆ ಮೊದಲಿಂದಲೂ ಇಲ್ಲ. ಆಕೆಯ ಬಿಳಿ ಸೀರೆ ತಿರುವಿನಲ್ಲಿ ಮರೆಯಾದದ್ದೇ ತಡ, ಮಲಕಪ್ಪನವರು ಧೋತರದ ಕಚ್ಚೆ ಬಿಗಿದರು.

"ತಮ್ಮಾ, ಆ ಸ್ಟೂಲ್ ಇತ್ತ ತಾ."

"ಯಾಕ್ರಿ ಮಾವಾರ?" ಎಂದೆ. ಇನ್ನೂ ಮಾವನಾಗಿರಲಿಲ್ಲ, ಬಾಯಿಗೆ ಅಭ್ಯಾಸವಾಗಲಿ ಎಂದು.

"ನಿನ್ನ ಗಂಟು ಎಷ್ಟೈತಿ ನೋಡಬೇಕಲ್ಲೋ. ಮಗಳನ್ನ ಕೊಡಾಂವ ನಾ."

"ಮಂದಿ ಮನ್ಯಾಗ ಅಟ್ಟಾ ಏರತಾರೇನ್ರಿ? ವಯಸ್ಸೆಷ್ಟು ನಿಮಗ?" ಎಂದಳು ಚಂದವ್ವ.

"ನೋಡೂದಷ್ಟ. ನೋಡಾಕ ರೊಕ್ಕ ಬೀಳತೈತೇನ?"

ಕಳ್ಳರನ್ನು ತಡೆಯುವುದಕ್ಕಾಗಿಯೇ ಸಂಬಳ ಪಡೆಯುವ ನಾನು ಸ್ಟೂಲು ತಂದೆ. ತಂದದ್ದಷ್ಟೇ ಅಲ್ಲ, ಅಲುಗಾಡದಂತೆ ಎರಡೂ ಕೈಯಿಂದ ಹಿಡಿದುಕೊಂಡೆ. ಇದರಲ್ಲಿ ಮಾವನ ಅಂಜಿಕೆ ಅರ್ಧ. ಉಳಿದರ್ಧ ಹೇಳುತ್ತೇನೆ: ಆಯಿಯ 'ಮೇಲೆ' ಯಾವುದು ಎಂದು ಇಡೀ ಗುಡ್ಡದಲ್ಲಿ ನನ್ನಷ್ಟು ತಿಳಿದವರಿಲ್ಲ. ಆದರೂ ಆ ಹೊತ್ತಿನಲ್ಲಿ, ಯಾರಿಗೆ ಗೊತ್ತು, ಬೋರಮಾಳ ಬಾಯ್ನಾದಲ್ಲಿ ಹೋಗಿರದೆ ಇದ್ದರೆ, ಎಂದು ನನ್ನ ಕತ್ತೂ ಮೇಲಕ್ಕೆ ಎದ್ದಿತ್ತು. ಕತ್ತು ಎದ್ದಾಗ ಕೈ ಸಡಿಲಾಗುತ್ತದೆ. ಕಾವಲುಗಾರನ ಮೊದಲ ಪಾಠ ಅದು, ಮರೆತಿದ್ದೆ.

ಮಲಕಪ್ಪನವರು ಗಂಟನ್ನು ಅಪ್ಪಿಕೊಂಡು ಎಳೆದರು. ಗಂಟು ಬಂತು. ಜೊತೆಗೆ ಕ್ರಿಸ್ಮಸ್ಸಿನ ಕಾಗದದ ನಕ್ಷತ್ರ, ಅಟ್ಟದ ಒಂದು ಹಲಗೆ, ಮಲಕಪ್ಪನವರು, ಸ್ಟೂಲು, ನಾನು, ಎಲ್ಲರೂ ಬಂದೆವು. ಧೋತರ ಮೊಳೆಗೆ ಸಿಕ್ಕು ಪರ್‍ರೆಂದಿತು. ಗಂಟು ಬಿಚ್ಚಿಕೊಂಡು ಖೋಲಿಯ ತುಂಬ ಹಳೆಯ ಬಟ್ಟೆ: ಸೀರೆ, ಖಾಕಿ, ಪರದೆ. ನಡುವಿನಿಂದ ಬೂದು ಬಣ್ಣದ ನುಸಿ ಹುಳುಗಳು ಪುರ್‍ರೆಂದು ಎದ್ದು ಮಲಕಪ್ಪನವರ ಮೀಸೆಯ ಸುತ್ತ ಹಾರಾಡಿದವು.

"ಸಿಕ್ಕತೇನ್ರಿ?" ಎಂದಳು ಚಂದವ್ವ.

ಬಾಗಿಲಲ್ಲಿ ಆಯಿ ನಿಂತಿದ್ದಳು. ಕನ್ನಡಕ ಮರೆತು ಹೋಗಿದ್ದಳಂತೆ, ಒಯ್ಯಲು ಬಂದಿದ್ದಳು.

ಆಕೆ ಬೈಯಬಹುದಿತ್ತು. ಬೈಯಲಿಲ್ಲ. ಒಳಗೆ ಬಂದು, ಮೊದಲು ಮಲಕಪ್ಪನವರ ಕಾಲು ಒತ್ತಿ ನೋಡಿ, ಉಳುಕಿದೆ, ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಒಂದು ಸೀರೆಯನ್ನು ಬೆಳಕಿಗೆ ಹಿಡಿದಳು. ಜರಡಿಯಾಗಿತ್ತು. ಆಯಿಯ ಮುಖ ಸಣ್ಣದಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಎಷ್ಟು ನುಸಿ ಹೊಕ್ಕೈತಿ" ಎಂದಳು. "ಹೊಲದು ಕೊಡೂದು ಬಿಟ್ಟು ಇನ್ನೀಟು ಕೂಡಲಿ, ಇನ್ನೀಟು ಕೂಡಲಿ ಅಂತ ಏರಿಸಿ ಇಟ್ಟಿದ್ನಿ. ಎಷ್ಟು ಮಂದಿ ತಂಪ ನೆಲದಾಗ ಮಲಗಿದ್ರೋ."

ಮಲಕಪ್ಪನವರಿಗೆ ಕಾಲಿಗಿಂತ ಬೇರೆಯದೇ ನೋವಿತ್ತು. "ಅಲ್ರೀ, ನಿನ್ನೆ ನೀವ ಅಂದ್ರಲ್ಲ, ಮ್ಯಾಲಿಟ್ಟದ್ದಕ್ಕ ಹುಳಾ ಹತ್ತೂದಿಲ್ಲಂತ?"

ಆಯಿ ಒಂದು ಗಳಿಗೆ ಅವರನ್ನು, ಬಿದ್ದ ಸ್ಟೂಲನ್ನು, ನನ್ನನ್ನು ನೋಡಿದಳು. ಆಗ ತಿಳಿಯಿತು ಆಕೆಗೆ. ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ.

"ಅಟ್ಟ ಅಂದ್ರ ಮ್ಯಾಲ ಅಲ್ರಿ ಅಣ್ಣಾರ. ಅಟ್ಟಾನೂ ಕೆಳಗನ. ನನಗೂ ಮರತಿತ್ತು, ನೀವು ಬಿದ್ದು ನೆನಪು ಮಾಡಿಕೊಟ್ರಿ."

"ಮತ್ತ ಈ ಹುಡುಗಂದು?"

"ಹುಲಿಗೆಮ್ಮಗ ಮೊಣಕಾಲ ನೋವರಿ. ಇವ ದಿನಾ ಆಕಿ ಕೊಡಾ ತುಂಬಿ ಕೊಡ್ತಾನ. ಅದು ಮ್ಯಾಲ ಜಮಾ ಆಗಿರತೈತಿ."

ಹುಲಿಗೆಮ್ಮನ ಕೊಡ ಹಿಡಿದರೆ ನಳದ ಸಾಲಿನಲ್ಲಿ ಎಲ್ಲರೂ ಜಾಗ ಬಿಡುತ್ತಾರೆ. ಅದರ ಹಿಂದೆಯೇ ನನ್ನ ಕೊಡವೂ ತುಂಬಿಬಿಡುತ್ತದೆ. ಅದು ಮೇಲೆ ಯಾವ ಖಾತೆಗೆ ಬೀಳುತ್ತದೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ.

ಚಂದವ್ವ ನನ್ನತ್ತ ತಿರುಗಿದಳು. "ಬ್ಯಾಂಕಿನ್ಯಾಗ ಖರೇನ ಏನ್ ಮಾಡ್ತಿ ತಮ್ಮಾ?"

ನುಸಿ ಹುಳು ಒಂದು ನನ್ನ ತೋಳಿನ ಮೇಲೆ ಕೂತಿತ್ತು. ಅದನ್ನೇ ನೋಡುತ್ತ ಹೇಳಿದೆ, "ಬಾಗಿಲಾ ಕಾಯ್ತೇನ್ರಿ ಅತ್ತಿ."

ಮಲಕಪ್ಪನವರು ಎದ್ದು ನಿಲ್ಲಲು ನೋಡಿದರು. ಕಾಲು ಒಪ್ಪಲಿಲ್ಲ. "ಮುಗೀತು" ಎಂದರು ಕುಳಿತಲ್ಲಿಂದಲೇ. "ಬಾಗಿಲಾ ಕಾಯಾಂವಗ ನನ್ನ ಮಗಳಿಲ್ಲ. ನಡಿ ಊರಿಗೆ."

"ನಡೀರಿ" ಎಂದಳು ಚಂದವ್ವ, ಕೂತಲ್ಲಿಂದ ಅಲುಗದೆ. "ಊರಾಗ ಕೇಳತಾರ, ಯಾಕ ಬಿಟ್ರಿ ಅಂತ. ಬಾಗಿಲಾ ಕಾಯಾಂವ ಅಂತ ಹೆಂಗ ಗೊತ್ತಾತು ಅಂತಾರ. ಮುದುಕಿ ಪ್ರಾರ್ಥನಾಕ್ಕ ಹೋದಾಗ ಆಕಿ ಅಟ್ಟಾ ಏರಿ ಬಿದ್ವಿ, ಆಗ ಗೊತ್ತಾತು ಅಂತ ನೀವ ಹೇಳತೀರೋ, ನಾ ಹೇಳ್ಲ್ಯೋ?"

ಹೊರಗೆ ಪಾವ್ ಬ್ರೆಡ್ಡು ಮಾರುವವನ ಸೈಕಲ್ಲು ಪೋಂ ಪೋಂ ಎನ್ನುತ್ತ ಹೋಯಿತು. ಮಲಕಪ್ಪನವರು ಹರಿದ ಧೋತರವನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು.

"ಹುಡುಗ ಕೆಟ್ಟಾಂವೇನಲ್ಲ" ಎಂದರು ಕೊನೆಗೆ. "ಸ್ಟೂಲ್ ಹಿಡಿಯಾಕ ಬರೂದಿಲ್ಲ, ಅಷ್ಟ."

"ರೇಣು ಮೊದ್ಲ ಹೇಳಿದ್ಲು ನನಗ, ಬಾಗಿಲಾ ಕಾಯ್ತಾನಂತ" ಎಂದಳು ಚಂದವ್ವ, ನಿನ್ನೆಯ ಅರ್ಧ ಕೌದಿಯನ್ನು ತೊಡೆಗೆ ಎಳೆದುಕೊಂಡು ದಾರದ ತುದಿ ಕಚ್ಚುತ್ತ. "ಅಂವ ತಾನ ಹೇಳ್ತಾನೋ ಇಲ್ಲೋ ನೋಡಾಕ ಬಂದಿದ್ನಿ."

ಕಾಲಿನ ಬಾವು ಇಳಿಯುವವರೆಗೆ ಪ್ರಯಾಣ ಬೇಡವೆಂದು ಆಯಿ ಅಪ್ಪಣೆ ಮಾಡಿದಳು. ಆ ದಿನಗಳಲ್ಲಿ ಗಂಟಿನ ಬಟ್ಟೆಯೆಲ್ಲ ಬಿಸಿಲಿಗೆ ಬಿದ್ದು, ನುಸಿ ತಿಂದದ್ದು ಒಲೆಗೆ, ಉಳಿದದ್ದು ಕೌದಿಗೆ ಹೋಯಿತು. ಆಯಿ ಒಂದು ತುದಿ, ಚಂದವ್ವ ಒಂದು ತುದಿ. ಆಯಿಗೆ ಕಣ್ಣು ಸಾಲದು, ಚಂದವ್ವನಿಗೆ ಪುರುಸೊತ್ತಿಲ್ಲ. ದಾರ ಪೋಣಿಸುವ ಕೆಲಸ ಮಲಕಪ್ಪನವರ ಪಾಲಿಗೆ ಬಂತು. ಸೂಜಿ ಹಿಡಿದು, ಒಂದು ಕಣ್ಣು ಮುಚ್ಚಿ, ನಾಲಿಗೆ ಹೊರಹಾಕಿ ಕೂರುತ್ತಿದ್ದರು. ನನಗೆ ಆ ಕಾಂಪೌಂಡರ್ ನೆನಪಾಗುತ್ತಿದ್ದ. ಹರಿದ ಧೋತರವೂ ತುಂಡಾಗಿ ಒಂದು ಕೌದಿಯ ನಟ್ಟನಡುವೆ ಕೂತಿತು.

ಆ ಕೌದಿಯ ಕೊನೆಯ ಮೂಲೆ ಬಂದಾಗ ಆಯಿ ರೊಟ್ಟಿಯ ಚೂರನ್ನು ಮಲಕಪ್ಪನವರ ಕೈಗೆ ಕೊಟ್ಟಳು. "ಇಡ್ರಿ ಒಳಗ."

"ಇಟ್ರ ನಂದೂ ಮ್ಯಾಲ ಜಮಾ ಆಗತೈತೇನ್ರಿ?"

"ಮೊದ್ಲ ಅಟ್ಟಾ ಏರಿದ್ದು ವಜಾ ಆಗಬೇಕಲ್ರಿ" ಎಂದಳು ಆಯಿ.

ಅವರು ಚೂರನ್ನು ನೋಡಿ, ಇನ್ನೊಂದು ದೊಡ್ಡ ತುಂಡು ಕೇಳಿ ಇಸಿದುಕೊಂಡು ಇಟ್ಟರು.

ಆ ಕೌದಿ ಮದುವೆಗೆಂದು ನನಗೇ ಸಿಗುತ್ತದೆ ಅಂದುಕೊಂಡಿದ್ದೆ. ಘಟ್ಟ ಇಳಿದು ಹೊಸದಾಗಿ ಬಂದ ಕೂಲಿ ದಂಪತಿಗೆ ಆಯಿ ಅದನ್ನು ಕೊಟ್ಟುಬಿಟ್ಟಳು. ಕೇಳಿದ್ದಕ್ಕೆ, "ನಿನಗ ಹೆಂಡತಿ ಸಿಕ್ಕಾಳ, ಅವರಿಗೆ ಕೌದಿ ಸಿಕ್ಕೈತಿ. ಎಲ್ಲಾ ನಿನಗ ಬೇಕೇನ?" ಎಂದಳು. ಹೆಸರಿನ ದೋಷ ಆಯಿ, ಎಂದೆ.

ಅಟ್ಟ ಈಗ ಖಾಲಿ ಇದೆ, ನಕ್ಷತ್ರ ಒಂದೇ. ಮದುವೆ ಬೇಸಿಗೆಗೆ ನಿಂತಿದೆ. ಮೊನ್ನೆ ರೇಣು ಫೋನಿನಲ್ಲಿ ಕೇಳಿದಳು, "ಅಪ್ಪ ಇನ್ನೂ ಕುಂಟಾಕತ್ತಾನ. ಊರ ಮಂದಿಗೆ ರೈಲ ಇಳಿಯೂಮುಂದ ಬಿದ್ನಿ ಅಂತಾನ. ಅವ್ವ ನಗತಾಳ. ಖರೇ ಎಲ್ಲಿಂದ ಬಿದ್ದಾನ?"

"ಅವ್ವ ಏನಂತಾಳ?" ಎಂದೆ.

"ಆಕಿ ಅಂತಾಳ, ಮ್ಯಾಲಿಂದಂತೂ ಅಲ್ಲ ಅಂತ."