ಖಾಲಿ ಅಂದರೂ ನೋಡಿದಳು

“ಖಾಲಿ ಇದೆ, ಹಿಡ್ಕೊಳ್ಳಮ್ಮ” ಅಂತ ಬಂದೂಕಿನ ಅಂಗಡಿಯವರು ಪಾಯಿಂಟ್ ಟೂ ಟೂ ರೈಫಲ್ ಕೊಟ್ಟರು. ನನ್ನ ಮೊಮ್ಮಗಳು ರೇವತಿ ಅದರ ನಳಿಗೆಯನ್ನು ಗೋಡೆ ಕಡೆ ತಿರುಗಿಸಿ, ಬೋಲ್ಟ್ ಹಿಂದಕ್ಕೆಳೆದು, ಗುಂಡು ಕೂರುವ ಜಾಗಕ್ಕೆ ಇಣುಕಿದಳು. ಸಾಲದು ಅಂತ ಕಿರುಬೆರಳನ್ನೂ ಹಾಕಿ ನೋಡಿದಳು.

“ಖಾಲಿ ಅಂದೆನಲ್ಲಮ್ಮ, ನಂಬಿಕೆ ಇಲ್ವಾ?”

“ನೀವು ಹೇಳಿದ್ರಿ ಸಾರ್, ನಾನು ನೋಡಿರ್ಲಿಲ್ಲ.”

ಗುರಿ ಹೊಡೆಯುವ ಹವ್ಯಾಸಕ್ಕೆ ಅವಳು ಲೈಸೆನ್ಸ್ ಮಾಡಿಸಿದ್ದಳು. ಹಲಸೂರಿನ ನಮ್ಮ ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿವೆ, ಬಂದೂಕು ಬೇಡ ಅಂತ ಜಗಳ ತೆಗೆಯಲಿಕ್ಕೇ ನಾನು ಜೊತೆಗೆ ಹೋಗಿದ್ದೆ. ರಸೆಲ್ ಮಾರುಕಟ್ಟೆಯಲ್ಲಿ ಮೀನು ಕೊಯ್ದೇ ಮುದುಕಿಯಾದವಳು ನಾನು. ಕತ್ತಿ ಎತ್ತಿಕೊಳ್ಳುವುದು ನೋಡಿದರೆ ಸಾಕು, ಯಾರ ಬೆರಳು ಹೋಗುತ್ತದೆ ಅಂತ ಹೇಳುತ್ತೇನೆ. ಇವಳದು ಹೋಗುವುದಿಲ್ಲ.

ಅಂಗಡಿಯವರು ಹೊಗಳಿದ ಹೊಳೆಯುವ ರೈಫಲ್ಲು ಭುಜಕ್ಕೆ ಉದ್ದ ಅಂತ ವಾಪಸ್ ಕೊಟ್ಟು, ಸಾದಾ ಮರದ ಹಿಡಿಯ ಮೂರನೆಯದನ್ನು ಆರಿಸಿದಳು. ಪ್ರತಿಯೊಂದಕ್ಕೂ ಅದೇ ಗೋಡೆ, ಅದೇ ಕಿರುಬೆರಳು.

“ಏನಜ್ಜಿ, ಜಗಳ ಶುರು ಮಾಡಲ್ವಾ?” ಅಂದಳು.

“ಹಸಿವಾಗ್ತಿದೆ, ಬೇಗ ಮುಗ್ಸು” ಅಂದೆ.

ಬಂದೂಕು ಈಗ ಕಬ್ಬಿಣದ ಬೀರುವಿನಲ್ಲಿದೆ. ಬೀಗದಕೈ ಅವಳ ಹತ್ತಿರವೇ ಇದೆ. ಬಂದೂಕೇ ಬೇಡ ಅಂತ ಹೊರಟಿದ್ದವಳು ನಾನು, ಆ ಬೀಗದಕೈಯನ್ನೂ ಇವತ್ತಿನವರೆಗೂ ಕೇಳಿಲ್ಲ.